ನಿಸ್ತಂತು ಜಾಲಶಾಸ್ತ್ರಕ್ಕೆ ಕನ್ನಡ ಟೀಕೆ ಬೇಕು

ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬಾರದೆಂಬ ಮಾತನ್ನು ಇತ್ತಿತ್ತಲಾಗಿ ಒಂದು ಹೊಸ ವಿದ್ಯೆಗೆ ಹಚ್ಚಿ ಆಡುವವರು ಹೆಚ್ಚಾಗಿದ್ದಾರೆ. ಮನೆಯೊಳಗೆ, ಸಾಲೆಯೊಳಗೆ, ಅಂಗಡಿಯೊಳಗೆ ತಂತಿಯ ಹಂಗಿಲ್ಲದೆ ಗಣಕಯಂತ್ರಗಳನ್ನೂ ದೂರವಾಣಿಗಳನ್ನೂ ಒಂದಕ್ಕೊಂದು ಜೋಡಿಸುವ ನಿಸ್ತಂತು ಸ್ಥಳೀಯ ಜಾಲದ ವಿದ್ಯೆಯೇ ಅದು. ಜನರ ಬಾಯಲ್ಲಿ ಅದರ ಹೆಸರು ವೈಫೈ. ಇದು ಕೈಯಿಂದ ಕಲಿಯತಕ್ಕ ಕೆಲಸ, ಇದಕ್ಕೆ ಗ್ರಂಥವೇಕೆ, ಗ್ರಂಥ ಬೇಕೆಂದರೂ ಇಂಗ್ಲಿಷಿನಲ್ಲಿ ಬೇಕಾದಷ್ಟು ಇರುವಾಗ ಕನ್ನಡದ ಗ್ರಂಥವೇಕೆ, ಎಂದು ಕೇಳುವವರು ಗೋಕಾಕದಲ್ಲಿದ್ದಾರೆ, ಮೂಡಲಗಿಯಲ್ಲಿದ್ದಾರೆ, ಹುಕ್ಕೇರಿಯಲ್ಲಿಯೂ ಇದ್ದಾರೆ. ಹೀಗೆ ಕೇಳುವವರು ಓದುಬರಹ ಅರಿಯದವರಲ್ಲ. ಪದವೀಧರರು, ಮಕ್ಕಳನ್ನು ಬೆಂಗಳೂರಿಗೂ ಪುಣೆಗೂ ಕಳಿಸಿದವರು, ನವೆಂಬರ ತಿಂಗಳಲ್ಲಿ ಕನ್ನಡದ ಮೇಲೆ ಭಾಷಣವನ್ನೂ ಮಾಡುವವರು. ಆದುದರಿಂದಲೇ ಅವರ ಮಾತನ್ನು ಸುಮ್ಮನೆ ಬಿಡಲಾಗದು.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಈ ಮೂರು ತಾಲೂಕುಗಳಲ್ಲಿ ಜಾಲವನ್ನು ಕಟ್ಟುವವರು ಯಾರು? ಐಟಿಐಯನ್ನೋ ಡಿಪ್ಲೊಮಾವನ್ನೋ ಮುಗಿಸಿದ, ಹತ್ತನೆಯ ಇಯತ್ತೆಯವರೆಗೆ ಕನ್ನಡ ಸಾಲೆಯಲ್ಲಿಯೇ ಓದಿದ, ಒಕ್ಕಲಿಗರ ಮತ್ತು ಸಣ್ಣ ಅಂಗಡಿಕಾರರ ಮಕ್ಕಳು. ಅವರ ಕೈ ಚುರುಕು. ಕಂಬ ಹತ್ತಬಲ್ಲರು, ಗೋಡೆ ಕೊರೆಯಬಲ್ಲರು, ರಾತ್ರಿ ಕರೆದರೂ ಬರುವರು. ಆದರೆ ಜಾಲ ನಿಂತುಹೋದಾಗ ಅವರಿಗೆ ತಿಳಿದ ಚಿಕಿತ್ಸೆ ಮೂರೇ: ಡಬ್ಬಿಯನ್ನು ಆರಿಸಿ ಹೊತ್ತಿಸುವದು, ಡಬ್ಬಿಯ ಜಾಗ ಬದಲಿಸುವದು, ಡಬ್ಬಿಯನ್ನೇ ಬದಲಿಸುವದು. ನಾಡಿ ಹಿಡಿದು ನೋಡದೆ ಗುಳಿಗೆ ಕೊಡುವ ವೈದ್ಯನಿಗೂ ಇವರಿಗೂ ಭೇದವಿಲ್ಲ. ದೋಷ ಮಾತ್ರ ಇವರದಲ್ಲ. ನಿದಾನವನ್ನು ಹೇಳುವ ಗ್ರಂಥ ಇವರಿಗೆ ತಿಳಿಯುವ ಮಾತಿನಲ್ಲಿ ಇಲ್ಲವೇ ಇಲ್ಲ.

ಒಂದು ಉದಾಹರಣೆಯನ್ನು ವಾಚಕರು ಪರಿಶೀಲಿಸಬೇಕು. ಮೂಡಲಗಿಯ ಸುತ್ತಲಿನ ಊರೊಂದರಿಂದ ಐದು ಕಿಲೋಮೀಟರ್ ದೂರದ ತೋಟದ ಮನೆಗೆ ಜಾಲವನ್ನು ಒಯ್ಯಬೇಕಾಗಿದೆಯೆಂದು ತಿಳಿಯಿರಿ. ಎರಡೂ ತುದಿಗೆ ಒಂಬತ್ತು ಮೀಟರ್ ಎತ್ತರದ ಕಂಬ ನಿಲ್ಲಿಸಿ, ಒಂದಕ್ಕೊಂದು ಮುಖ ಮಾಡಿ ಅಂಟೆನಾ ಕಟ್ಟುತ್ತಾರೆ. ಕಬ್ಬು ಕಡಿದಾದ ಮೇಲಿನ ಬಯಲು. ಈ ಕಂಬದಿಂದ ಆ ಕಂಬ ನಿಚ್ಚಳವಾಗಿ ಕಾಣುತ್ತದೆ. ಜಾಲವೂ ಚೆನ್ನಾಗಿ ನಡೆಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಜಾಲ ಕುಂಟತೊಡಗುತ್ತದೆ. ಕಂಬ ಈಗಲೂ ಕಾಣುತ್ತದೆ, ಅಂಟೆನಾ ಅಲುಗಿಲ್ಲ, ಡಬ್ಬಿ ಹೊಸದು. ತರುಣನು ಡಬ್ಬಿಯನ್ನು ಬದಲಿಸುತ್ತಾನೆ. ಒಕ್ಕಲಿಗನು ಎರಡನೆಯ ಸಲ ಹಣ ತೆರುತ್ತಾನೆ. ಜಾಲ ಕುಂಟುವದು ನಿಲ್ಲುವದಿಲ್ಲ.

ಕಾರಣ ಗ್ರಂಥದಲ್ಲಿದೆ. ತರಂಗವು ಎರಡು ಅಂಟೆನಾಗಳ ನಡುವೆ ಬಿಗಿದ ದಾರದಂತೆ ಹೋಗುವದಿಲ್ಲ. ನೂಲು ಸುತ್ತಿದ ಕದಿರಿನಂತೆ ನಡುವೆ ಉಬ್ಬಿಕೊಂಡು ಹೋಗುತ್ತದೆ. ಫ್ರಾನ್ಸ್ ದೇಶದ ಫ್ರೆನೆಲ್ (1788–1827) ಎಂಬ ವಿದ್ವಾಂಸನು ಬೆಳಕಿನ ವಿಷಯದಲ್ಲಿ ನಿರೂಪಿಸಿದ ತತ್ತ್ವದ ಮೇರೆಗೆ ಲೆಕ್ಕ ಹಾಕಿದರೆ, 2.4 ಗಿಗಾಹರ್ಟ್ಸ್ ತರಂಗಕ್ಕೆ ಐದು ಕಿಲೋಮೀಟರ್ ಅಂತರದ ನಟ್ಟನಡುವೆ ಆ ಉಬ್ಬಿನ ತ್ರಿಜ್ಯ ಸುಮಾರು 12.5 ಮೀಟರ್. ಅದರಲ್ಲಿ ನೂರಕ್ಕೆ ಅರವತ್ತು ಪಾಲಾದರೂ, ಎಂದರೆ 7.5 ಮೀಟರಿನಷ್ಟಾದರೂ, ಅಡೆತಡೆಯಿಲ್ಲದೆ ಇರಬೇಕೆಂಬದು ನಿಯಮ. ಬರಿಯ ನೆಲದ ಮೇಲೆ ಒಂಬತ್ತು ಮೀಟರಿನ ಕಂಬ ಸಾಕಾಗುತ್ತದೆ. ಕಬ್ಬು ಮೂರು ಮೀಟರ್ ಬೆಳೆದ ಮೇಲೆ ನೆಲವೇ ಮೂರು ಮೀಟರ್ ಮೇಲಕ್ಕೆದ್ದಂತಾಗಿ, ಉಳಿಯುವ ಬಯಲು ಆರೇ ಮೀಟರ್. ಮೇಲಾಗಿ ಹಸಿ ಎಲೆಯಲ್ಲಿಯ ನೀರು ಈ ತರಂಗವನ್ನು ಹೀರುತ್ತದೆ. ಕಂಬವನ್ನು ಎರಡು ಮೂರು ಮೀಟರ್ ಹೆಚ್ಚು ಎತ್ತರಿಸಿದ್ದರೆ ಒಕ್ಕಲಿಗನ ಹಣ ಉಳಿಯುತ್ತಿತ್ತು. ಇದು ಕೈಯಿಂದ ಕಲಿಯುವ ಮಾತೇ? ಕಣ್ಣಿಗೆ ಕಾಣದ ಉಬ್ಬನ್ನು ಕೈ ಹೇಗೆ ಬಲ್ಲುದು?

ಅಹುದು, ಆದರೆ ಇದೆಲ್ಲ ಇಂಗ್ಲಿಷ್ ಗ್ರಂಥಗಳಲ್ಲಿ ಇದೆಯಲ್ಲಾ, ಎಂಬದು ಎರಡನೆಯ ಪೂರ್ವಪಕ್ಷ. ಇದೆ, ನಿಜ. ಈ ಶಾಸ್ತ್ರದ ಮೂಲಸೂತ್ರವು ಐಈಈಈ ಎಂದು ಪ್ರಸಿದ್ಧವಾದ ಅಮೇರಿಕೆಯ ಸಂಸ್ಥೆಯು 1997ರಲ್ಲಿ ಹೊರಡಿಸಿದ 802.11 ಎಂಬ ಮಾನಕ. ಅಲ್ಪಾಕ್ಷರವಾಗಿರಬೇಕೆಂಬ ಸೂತ್ರಲಕ್ಷಣ ಮಾತ್ರ ಅದಕ್ಕೆ ಸಲ್ಲದು: ಪಾಣಿನಿಯ ಸೂತ್ರಗಳು ಹೆಚ್ಚುಕಡಿಮೆ ನಾಲ್ಕು ಸಾವಿರ, ಈ ಮಾನಕದ 2020ರ ಪರಿಷ್ಕರಣದ ಪುಟಗಳೇ ನಾಲ್ಕು ಸಾವಿರವನ್ನು ಮೀರಿವೆ! ಮೊದಲು ಸೆಕೆಂಡಿಗೆ ಒಂದೆರಡು ಮೆಗಾಬಿಟ್ ಸಾಗಿಸುತ್ತಿದ್ದ ಪದ್ಧತಿ 1999ರಲ್ಲಿ ಹನ್ನೊಂದಕ್ಕೆ, 2003ರ ಹೊತ್ತಿಗೆ ಅದೇ ಪಟ್ಟಿಯಲ್ಲಿ ಐವತ್ತನಾಲ್ಕಕ್ಕೆ ಏರಿ, 2009, 2013, 2021ರ ತಿದ್ದುಪಡಿಗಳಿಂದ ಇನ್ನೂ ಬೆಳೆಯಿತು. ಇಂಥ ಸೂತ್ರವನ್ನು ಇಂಗ್ಲಿಷರೂ ಅಮೇರಿಕನರೂ ಸಹ ನೇರಾಗಿ ಓದುವದಿಲ್ಲ. ಅವರಿಗೂ ವ್ಯಾಖ್ಯಾನ ಬೇಕಾಯಿತು. ಮ್ಯಾಥ್ಯೂ ಗ್ಯಾಸ್ಟ್ ಎಂಬವರು 2002ರಲ್ಲಿ ಬರೆದು 2005ರಲ್ಲಿ ಪರಿಷ್ಕರಿಸಿದ ದೊಡ್ಡ ಗ್ರಂಥ ಒಂದು. ಪರೀಕ್ಷಾರ್ಥಿಗಳಿಗಾಗಿ ಕೋಲ್ಮನ್ ಮತ್ತು ವೆಸ್ಟ್‌ಕಾಟ್ ಎಂಬವರು ರಚಿಸಿ ಮೇಲಿಂದ ಮೇಲೆ ಪರಿಷ್ಕರಿಸುತ್ತ ಬಂದ ಕೈಪಿಡಿ ಇನ್ನೊಂದು. ಅವರ ಮಾತೃಭಾಷೆಯಲ್ಲಿಯೇ ಇರುವ ಸೂತ್ರಕ್ಕೆ ಅವರು ಟೀಕೆಯನ್ನು ಬರೆದುಕೊಂಡಿರುವಾಗ, ಪರಭಾಷೆಯಲ್ಲಿರುವ ಸೂತ್ರವನ್ನೂ ಪರಭಾಷೆಯಲ್ಲಿರುವ ಟೀಕೆಯನ್ನೂ ಹುಕ್ಕೇರಿಯ ಹುಡುಗನು ಟೀಕೆಯಿಲ್ಲದೆ ಅರಗಿಸಿಕೊಳ್ಳಬೇಕೆನ್ನುವದು ಎಲ್ಲಿಯ ನ್ಯಾಯ?

ಸಂಸ್ಕೃತ ಪಾಠಶಾಲೆಗಳ ಕ್ರಮವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಅಷ್ಟಾಧ್ಯಾಯಿಯ ಮೇಲೆ ಕಾತ್ಯಾಯನನ ವಾರ್ತಿಕ, ಅದರ ಮೇಲೆ ಪತಂಜಲಿಯ ಮಹಾಭಾಷ್ಯ, ಆ ಮೇಲೆ ಕಾಶಿಕಾವೃತ್ತಿ, ಬಹು ಶತಮಾನಗಳು ಕಳೆದ ಮೇಲೆ ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿ. ಇಷ್ಟಾದ ಮೇಲೂ ಬಾಲಕರಿಗೆ ಕಠಿನವೆಂದು ಕಂಡು ವರದರಾಜನು ಲಘುಕೌಮುದಿಯನ್ನು ರಚಿಸಿದನು. ಯಾವ ಗುರುವೂ ಎಂಟು ವರ್ಷದ ವಟುವಿನ ಕೈಯಲ್ಲಿ ಮಹಾಭಾಷ್ಯವನ್ನು ಕೊಟ್ಟು, ಇದರಲ್ಲಿ ಎಲ್ಲವೂ ಇದೆ, ಓದಿಕೋ, ಎಂದು ಹೇಳಿ ಎದ್ದು ಹೋಗಲಿಲ್ಲ. ಈಗ ನಡೆದಿರುವದು ಅದೇ. ಅದರ ಪರಿಣಾಮವೂ ಕಣ್ಣೆದುರಿಗಿದೆ: ಬುದ್ಧಿವಂತನಾದ ಹುಡುಗನು ಪರೀಕ್ಷೆಯ ಪ್ರಶ್ನೆಗಳನ್ನೂ ಅವುಗಳ ನಾಲ್ಕು ನಾಲ್ಕು ಉತ್ತರಗಳನ್ನೂ ಅರ್ಥವರಿಯದೆ ಬಾಯಿಪಾಠ ಮಾಡಿ, ಪ್ರಮಾಣಪತ್ರವನ್ನು ಪಡೆದು, ತಿರುಗಿ ಡಬ್ಬಿಯನ್ನು ಆರಿಸಿ ಹೊತ್ತಿಸುತ್ತಾನೆ. ಅರ್ಥವಿಲ್ಲದ ಕಂಠಪಾಠವೆಂದು ವೈದಿಕರನ್ನು ಹಳಿಯುವ ಆಧುನಿಕರು ಈ ಹೊಸ ಕಂಠಪಾಠವನ್ನು ಕಂಡು ಮೌನವಾಗಿರುವದು ಸೋಜಿಗ.

ಇಂಗ್ಲಿಷ್ ಚೆನ್ನಾಗಿ ಬಲ್ಲ ಹುಡುಗನಿಗೂ ಆ ಗ್ರಂಥಗಳು ಸಾಲವು. ಯಾಕಂದರೆ ಅವು ಬೇರೊಂದು ನೆಲದ ಮೇಲೆ ನಿಂತು ಮಾತಾಡುತ್ತವೆ. ಅಲ್ಲಿಯ ಮನೆಗಳು ಕಟ್ಟಿಗೆಯ ಚೌಕಟ್ಟಿಗೆ ತೆಳುವಾದ ಜಿಪ್ಸಂ ಹಲಗೆ ಬಡಿದವು. ತರಂಗ ಅವುಗಳಲ್ಲಿ ಸಲೀಸಾಗಿ ನುಸುಳುತ್ತದೆ. ಇಲ್ಲಿಯ ಹಳೆಯ ಮನೆಗಳಿಗೆ ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹೊಸ ಮನೆಗಳಿಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು. ತೋಟದ ಮನೆಗಳಿಗೆ ಪತ್ರಾಸಿನ ಹೊದಿಕೆ, ಅದು ತರಂಗವನ್ನು ಕನ್ನಡಿಯಂತೆ ಹಿಂದಕ್ಕೆ ತಿರುಗಿಸುತ್ತದೆ. ಪಡಸಾಲೆಯಲ್ಲಿಟ್ಟ ಡಬ್ಬಿ ಮಾಳಿಗೆಯ ಕೋಣೆಗೆ ಯಾಕೆ ಮುಟ್ಟದು ಎಂಬದಕ್ಕೆ ಆ ಗ್ರಂಥಗಳ ಕೋಷ್ಟಕದಲ್ಲಿ ಉತ್ತರವನ್ನು ಹುಡುಕಿದರೆ ಲೆಕ್ಕ ತಪ್ಪುತ್ತದೆ.

ಗೋಡೆಯ ಮಾತು ಹಾಗಿರಲಿ, ಕಾಯದೆಯೂ ಬೇರೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಮೇರಿಕೆಯ ಗ್ರಂಥ ಹನ್ನೊಂದು ವಾಹಿನಿಗಳನ್ನು ಎಣಿಸುತ್ತದೆ. ಭಾರತದಲ್ಲಿ ಹದಿಮೂರನ್ನು ಬಳಸಲು ಬರುತ್ತದೆ. 2005ರ ಜನವರಿಯ ನಿಯಮದಂತೆ ಈ ಪಟ್ಟಿಯನ್ನು ಪರವಾನಿಗೆಯಿಲ್ಲದೆ ಯಾರೂ ಬಳಸಬಹುದು. ಆದರೆ ಪ್ರೇಷಕದ ಬಲ ಒಂದು ವ್ಯಾಟನ್ನು, ಅಂಟೆನಾದಿಂದ ಹೊರಡುವ ಪರಿಣಾಮಬಲ ನಾಲ್ಕು ವ್ಯಾಟನ್ನು ಮೀರಕೂಡದು. 5 ಗಿಗಾಹರ್ಟ್ಸ್ ಪಟ್ಟಿಯ ವಿಸ್ತಾರವಾದ ಭಾಗವು ಪರವಾನಿಗೆಯಿಂದ ಮುಕ್ತವಾದದ್ದು 2018ರಲ್ಲಿ. ಕಬ್ಬಿನ ಮೇಲಿಂದ ಜಾಲ ಹಾಯಿಸಲೆಂದು ಬಲವರ್ಧಕವನ್ನು ತರಿಸಿ ಜೋಡಿಸುವ ತರುಣನಿಗೆ ತಾನು ಕಾಯದೆಯ ಎಲ್ಲೆಯನ್ನು ದಾಟಿದೆನೆಂಬದೇ ತಿಳಿದಿರುವದಿಲ್ಲ. ತಿಳಿಸಿ ಹೇಳಿದವರು ಯಾರು?

ಮೂರನೆಯ ಪೂರ್ವಪಕ್ಷ ಯೂಟ್ಯೂಬಿನವರದು. ಅಲ್ಲಿ ಕನ್ನಡದಲ್ಲಿಯೇ ಎಲ್ಲವನ್ನೂ ತೋರಿಸುತ್ತಾರೆ, ಹಣ ಬೇಕಿಲ್ಲ, ಇನ್ನು ಅಚ್ಚಿನ ಗ್ರಂಥವೇಕೆ ಎನ್ನುವರು. ಪಂಡಿತರು ಮಾಡದ ಕೆಲಸವನ್ನು ಆ ತರುಣರು ಮಾಡಿದ್ದಾರೆ. ಕನ್ನಡದ ಮೇಲೆ ಅವರ ಋಣ ಇದೆ. ಆದರೆ ಅವರು ತೋರಿಸುವದೇನು? ಯಾವ ಕಂಪನಿಯ ಡಬ್ಬಿಯಲ್ಲಿ ಯಾವ ಗುಂಡಿಯನ್ನು ಒತ್ತಬೇಕೆಂಬದನ್ನು. ಕಂಪನಿ ಪರದೆಯ ವಿನ್ಯಾಸವನ್ನು ಬದಲಿಸಿದ ದಿನವೇ ಆ ವಿದ್ಯೆ ತೀರಿತು. ಗುಂಡಿಯ ಹಿಂದಿನ ಕಾರಣವನ್ನು ಕ್ರಮವಾಗಿ, ಹಿಂದಿನ ಪಾಠದ ಮೇಲೆ ಮುಂದಿನ ಪಾಠವನ್ನು ಇಟ್ಟು, ಬೇಕಾದಾಗ ಹಾಳೆ ತಿರುವಿ ಹಿಂದಕ್ಕೆ ನೋಡಿ ಕಲಿಯುವದಕ್ಕೆ ಗ್ರಂಥದ ಹೊರತು ಬೇರೆ ದಾರಿ ಇದುವರೆಗೆ ಕಂಡಿಲ್ಲ.

ಆ ಕಾರಣಗಳು ಕನ್ನಡದಲ್ಲಿ ಹೇಳಲಾರದಷ್ಟು ಕ್ಲಿಷ್ಟವೇ? ಪರೀಕ್ಷಿಸಿ ನೋಡಬಹುದು. ಈ ಜಾಲದಲ್ಲಿ ಒಂದು ವಾಹಿನಿಯ ಮೇಲೆ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತಾಡಬಹುದು. ಆದುದರಿಂದ ಪ್ರತಿಯೊಂದು ಯಂತ್ರವೂ ಮೊದಲು ಕಿವಿಗೊಟ್ಟು ಕೇಳುತ್ತದೆ. ಯಾರೂ ಮಾತಾಡುತ್ತಿಲ್ಲವೆಂದು ತಿಳಿದ ಮೇಲೆಯೂ ಪಗಡೆಯ ದಾಳ ಎಸೆದಂತೆ ಒಂದು ಸಂಖ್ಯೆಯನ್ನು ಆರಿಸಿಕೊಂಡು ಅಷ್ಟು ಹೊತ್ತು ತಡೆದು ಆಮೇಲೆ ಬಾಯಿ ತೆರೆಯುತ್ತದೆ. ತಾನು ಕೂಗುವಾಗ ಇನ್ನೊಬ್ಬರ ಕೂಗು ತನಗೆ ಕೇಳಿಸದಾದ್ದರಿಂದ, ಆಡಿದ ಮಾತು ಮುಟ್ಟಿತೋ ಇಲ್ಲವೋ ಎಂಬದನ್ನು ಕೇಳುವವನೇ ಹೇಳಬೇಕು. ಕತೆ ಹೇಳುವ ಅಜ್ಜಿಗೆ ಮೊಮ್ಮಗನು ಹೂಂಗುಟ್ಟುತ್ತಿರಬೇಕಷ್ಟೆ? ಹೂಂ ಬಾರದಿದ್ದರೆ ಅಜ್ಜಿ ಅದೇ ಮಾತನ್ನು ತಿರುಗಿ ಹೇಳುವಳು. ಜಾಲದ ಯಂತ್ರವೂ ಪ್ರತಿಯೊಂದು ತುಣುಕಿಗೆ ಹೂಂ ಬರುವದನ್ನು ಕಾಯುತ್ತದೆ. ಬಾರದಿದ್ದರೆ ಮೊದಲಿಗಿಂತ ಹೆಚ್ಚು ಹೊತ್ತು ತಡೆದು ತಿರುಗಿ ಕಳಿಸುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಿಸಿದ ವೇಗ ಮನೆಯಲ್ಲಿ ಯಾಕೆ ಸಿಗುವದಿಲ್ಲವೆಂಬದು ಇಲ್ಲಿಯೇ ಅರ್ಧಕ್ಕರ್ಧ ತಿಳಿದುಹೋಗುತ್ತದೆ. ಓಣಿಯ ಹತ್ತು ಮನೆಯವರು ಕಾರಖಾನೆಯಲ್ಲಿ ಇಟ್ಟುಬಂದ ಒಂದೇ ವಾಹಿನಿಯಲ್ಲಿದ್ದರೆ ಹತ್ತು ಮನೆಯವರೂ ಸರತಿಯಲ್ಲಿ ನಿಂತಂತೆಯೇ. ಇನ್ನು, ಗೋಕಾಕದ ಗುಡ್ಡದ ಈ ಮಗ್ಗುಲಲ್ಲಿ ಒಬ್ಬನು, ಆ ಮಗ್ಗುಲಲ್ಲಿ ಒಬ್ಬನು, ನೆತ್ತಿಯ ಮೇಲೆ ಮೂರನೆಯವನು. ಕೆಳಗಿನವರಿಬ್ಬರಿಗೂ ಪರಸ್ಪರರ ದನಿ ಕೇಳದು, ಮೇಲಿನವನಿಗೆ ಇಬ್ಬರದೂ ಕೇಳುತ್ತದೆ. ಇಬ್ಬರೂ ಒಮ್ಮೆಲೇ ಕೂಗಿದರೆ ಅವನಿಗೆ ಒಂದೂ ತಿಳಿಯದು. ಗ್ರಂಥಗಳಲ್ಲಿ ಮರೆಯ ನಿಲ್ದಾಣವೆಂಬ ಅರ್ಥದ ಹೆಸರಿನಿಂದ ಪುಟಗಟ್ಟಲೆ ವಿವರಿಸಿದ ತೊಡಕು ಇದೇ. ಮೇಲಿನವನಿಂದ ಮೊದಲು ಅಪ್ಪಣೆ ಪಡೆದು ಮಾತಾಡುವದು ಅದಕ್ಕೆ ಪರಿಹಾರ. ಇಷ್ಟರಲ್ಲಿ ಯಾವ ಮಾತು ಕನ್ನಡಕ್ಕೆ ಒಗ್ಗದೆ ಹೋಯಿತು?

ಡೆಸಿಬೆಲ್ ಎಂಬ ಮಾನವನ್ನು ಕಂಡರೆ ಹುಡುಗರು ಹೆದರುವರು. ಲಾಗರಿತಮ್ ಬಂದಿತೆಂದರೆ ಪುಸ್ತಕ ಮುಚ್ಚುವರು. ಒಂಬತ್ತನೆಯ ಶತಮಾನದ ಆರಂಭದಲ್ಲಿದ್ದ ವೀರಸೇನಾಚಾರ್ಯರು ತಮ್ಮ ಧವಳಾ ಟೀಕೆಯಲ್ಲಿ, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಲು ಬರುವದೋ ಅದಕ್ಕೆ ಅರ್ಧಚ್ಛೇದವೆಂದು ಹೆಸರಿಟ್ಟು ಅದರ ಗಣಿತವನ್ನು ನಿರೂಪಿಸಿದ್ದಾರೆ. ಆ ಟೀಕೆಯ ಓಲೆಗಳನ್ನು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ಇದೇ ಕನ್ನಡನಾಡಿನ ಮೂಡಬಿದಿರೆ. ಮೂರು ಡೆಸಿಬೆಲ್ ಇಳಿಯಿತೆಂದರೆ ಬಲ ಒಮ್ಮೆ ಅರ್ಧವಾಯಿತೆಂದು ಅರ್ಥ. ನೂರು ಮಿಲಿವ್ಯಾಟಿನ ಡಬ್ಬಿಯಿಂದ ಹೊರಟ ತರಂಗ ತೊಂಬತ್ತು ಡೆಸಿಬೆಲ್ ಕಳಕೊಂಡು ದೂರದ ಕೋಣೆಗೆ ಮುಟ್ಟಿದರೆ ಅದು ಮೂವತ್ತು ಸಲ ಅರ್ಧವಾಯಿತು. ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು ಉಳಿಯಿತು. ಅಷ್ಟರಲ್ಲಿಯೂ ಯಂತ್ರವು ಮಾತನ್ನು ಗ್ರಹಿಸುತ್ತದೆಂಬದೇ ಈ ಶಾಸ್ತ್ರದ ಅದ್ಭುತ. ಅರ್ಧಚ್ಛೇದವನ್ನು ಮೊದಲು ಹೇಳಿ ಡೆಸಿಬೆಲ್ಲನ್ನು ಆಮೇಲೆ ಹೇಳಿದರೆ ಏಳನೆಯ ಇಯತ್ತೆಯ ಹುಡುಗನೂ ತಿಳಿದುಕೊಳ್ಳುವನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದನು. ಚಾಳುಕ್ಯರ ಕೀರ್ತಿವರ್ಮನು ದನಗಳ ವೈದ್ಯವನ್ನು ಕನ್ನಡದಲ್ಲಿ ಬರೆದನು. ಚಾವುಂಡರಾಯನ ಲೋಕೋಪಕಾರದಲ್ಲಿ ಅಡಿಗೆಯಿಂದ ಹಿಡಿದು ಬಾವಿಯ ನೀರಿನವರೆಗೆ ಎಲ್ಲವೂ ಇದೆ. ಶಾಸ್ತ್ರ ಕನ್ನಡಕ್ಕೆ ಒಗ್ಗದೆನ್ನುವವರು ಕನ್ನಡವನ್ನೇ ಓದಿಲ್ಲವೆಂದು ಹೇಳಬೇಕಾಗುತ್ತದೆ.

ಇನ್ನು ಕನ್ನಡದ ಕಡೆಯವರಿಗೂ ಒಂದು ಮಾತು. ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವದೆಂದರೆ ಪ್ರತಿಯೊಂದು ಹೆಸರಿಗೂ ನಾಲ್ಕು ಮೊಳ ಉದ್ದದ ಸಂಸ್ಕೃತ ಸಮಾಸವನ್ನು ಕಟ್ಟುವದೆಂದು ತಿಳಿದ ಮಹಾಶಯರಿದ್ದಾರೆ. ರೌಟರ್ ಎಂದು ಮೂಡಲಗಿಯ ಹುಡುಗಿಯೂ ಹೇಳುವಾಗ ಮಾರ್ಗನಿರ್ದೇಶಕಯಂತ್ರ ಯಾರಿಗೆ ಬೇಕು? ಪಾಸ್‌ವರ್ಡ್, ಅಂಟೆನಾ, ಚಾನೆಲ್, ಕೇಬಲ್—ಇವು ಪೇಟೆಯಲ್ಲಿ ನಾಣ್ಯದಂತೆ ನಡೆಯುತ್ತಿರುವ ಮಾತುಗಳು. ವೈಫೈ ಎಂಬದಂತೂ 1999ರಲ್ಲಿ ವ್ಯಾಪಾರಕ್ಕಾಗಿ ಕಟ್ಟಿದ ಹೆಸರು; ಅದು ರೂಢಶಬ್ದವೇ ಹೊರತು ಯೌಗಿಕವಲ್ಲ; ಅದರ ಅವಯವಾರ್ಥವನ್ನು ಹುಡುಕಿ ಭಾಷಾಂತರಿಸಹೋಗುವದು ವ್ಯಾಕರಣಕ್ಕೂ ವಿರುದ್ಧ. ಪೂರ್ವಿಕರಾದ ಜ್ಯೋತಿಷಿಗಳು ಯವನರಿಂದ ಹೋರಾ, ಕೇಂದ್ರ, ಜಾಮಿತ್ರ ಎಂಬ ಶಬ್ದಗಳನ್ನು ನಾಚಿಕೆಯಿಲ್ಲದೆ ತಕ್ಕೊಂಡರು. ವರಾಹಮಿಹಿರನ ಸಂಸ್ಕೃತ ಅದರಿಂದ ಕೆಟ್ಟಿತೇ? ತಾಲೂಕು, ಕಚೇರಿ, ರುಜು ಎಂಬ ಮಾತುಗಳನ್ನು ಬಿಟ್ಟು ಈ ಭಾಗದಲ್ಲಿ ಒಂದು ದಿನ ಕಳೆಯಲಾದೀತೇ? ಹೆಸರುಗಳು ಬಂದಂತೆ ಬರಲಿ. ಕನ್ನಡವಾಗಬೇಕಾದದ್ದು ವಾಕ್ಯ, ವಿವರಣೆ, ಉದಾಹರಣೆ. ಅಲ್ಲಿ ಮಾತ್ರ ಇಂಗ್ಲಿಷ್ ವಾಕ್ಯದ ಬೆನ್ನೆಲುಬನ್ನು ತಂದು ಕನ್ನಡದ ತೊಗಲನ್ನು ಹೊದಿಸುವ ಕೆಲಸ ಆಗಕೂಡದು.

ಗೋಕಾಕದ ಹೆಸರು ಕನ್ನಡಿಗರಿಗೆಲ್ಲ ಒಂದು ಕೂಗಾಗಿ ಕೇಳಿಸಿದ ಕಾಲವಿತ್ತು. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ಕೊಟ್ಟಿತು. 1982ರಲ್ಲಿ ಅದರ ಸಲುವಾಗಿ ನಾಡೇ ಎದ್ದಿತು. ಆ ಚಳವಳಿ ಈ ಊರಿನ ಹೆಸರನ್ನು ಹೊತ್ತು ಮೆರೆಯಿತು. ಸಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನವನ್ನು ಕೇಳಿದವರು ಆ ಕನ್ನಡದಿಂದ ಮುಂದೆ ಏನನ್ನು ಓದಬೇಕೆಂಬ ಪ್ರಶ್ನೆಯನ್ನು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇಂಜಿನಿಯರಿಂಗನ್ನು ದೇಶಭಾಷೆಗಳಲ್ಲಿ ಕಲಿಸಲು ಒಪ್ಪಿತು; ಕನ್ನಡದಲ್ಲಿ ಕಲಿಯಲು ಮುಂದೆ ಬಂದವರು ವಿರಳ. ನೋಡಿರಿ, ಜನರಿಗೇ ಬೇಡವಾಗಿದೆ, ಎಂದು ಕೆಲವರು ಕೈತಟ್ಟಿದರು. ಮೊದಲ ವರ್ಷದ ಪುಸ್ತಕಗಳ ಆಚೆಗೆ ಓದಲು ಏನೇನಿದೆಯೆಂದು ತೋರಿಸದೆ ಹುಡುಗರನ್ನು ಕರೆದರೆ ಯಾರು ಬಂದಾರು? ಬಾವಿ ತೋಡುವ ಮೊದಲೇ ಹಗ್ಗ ಕೊಡ ಮಾರಹೋದಂತಾಯಿತು. ಗ್ರಂಥಗಳು ಮೊದಲು, ಕಾಲೇಜು ಆಮೇಲೆ. ಜಾಲವನ್ನು ಕಟ್ಟುವ ತರುಣನಿಗಂತೂ ಕಾಲೇಜಿನ ಹಂಗೇ ಇಲ್ಲ. ಅವನಿಗೆ ಒಂದು ಒಳ್ಳೆಯ ಪುಸ್ತಕ ಸಾಕು.

ಇದು ತರುಣರ ಹೊಟ್ಟೆಪಾಡಿನ ಮಾತಷ್ಟೇ ಎಂದು ಗೃಹಸ್ಥರು ತಿಳಿಯಬಾರದು. ಮನೆಯ ಕದಕ್ಕೆ ಕೀಲಿ ಹಾಕುವವರು ಜಾಲಕ್ಕೆ ಹಾಕಿದ ಕೀಲಿ ಯಾವದೆಂದು ಬಲ್ಲರೇ? ಮೊದಲ ಮಾನಕದ ಸಂಗಡ ಬಂದ ವೆಪ್ ಎಂಬ ಕೀಲಿಯನ್ನು 2001ರಲ್ಲಿಯೇ ವಿದ್ವಾಂಸರು ಒಡೆದು ತೋರಿಸಿದರು. ಅದರ ಬದಲು 2004ರಲ್ಲಿ ಡಬ್ಲ್ಯುಪಿಎ-2 ಬಂದಿತು; 2017ರಲ್ಲಿ ಬೆಲ್ಜಿಯಮ್ಮಿನ ಮಾಥಿ ವಾನ್‌ಹೂಫ್ ಎಂಬವರು ಅದರಲ್ಲಿಯೂ ಒಂದು ಬಿರುಕನ್ನು ಕಂಡುಹಿಡಿದರು; ಯಂತ್ರದ ತಂತ್ರಾಂಶವನ್ನು ತಿದ್ದಿಕೊಂಡವರಿಗೆ ಅದು ಮುಚ್ಚಿಹೋಯಿತು. ಡಬ್ಲ್ಯುಪಿಎ-3 ಹೊರಟದ್ದು 2018ರಲ್ಲಿ. ಗೋಡೆಗೆ ಮೊಳೆ ಹೊಡೆದು ಒಮ್ಮೆ ತೂಗಹಾಕಿದ ಡಬ್ಬಿಯನ್ನು ತಿದ್ದಿಕೊಂಡವರೆಷ್ಟು ಜನ? ಅಂಗಡಿಯವನು ಇಟ್ಟ, ಎಲ್ಲ ಮನೆಗಳಿಗೂ ಒಂದೇ ಆದ ಪಾಸ್‌ವರ್ಡನ್ನು ಬದಲಿಸಿದವರೆಷ್ಟು ಜನ? ಬ್ಯಾಂಕಿನ ವ್ಯವಹಾರಕ್ಕೆ ಅದರದೇ ಬೇರೆ ಕೀಲಿಯಿರುವದು ಸುದೈವ. ಆದರೆ ಪರರು ನಿಮ್ಮ ಜಾಲವನ್ನು ಹೊಕ್ಕು ಮಾಡಿದ ಕೃತ್ಯಕ್ಕೆ ಮೊದಲು ಕೇಳಲ್ಪಡುವವರು ನೀವೇ. 2008ರ ಜುಲೈಯಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ತುಸು ಮುನ್ನ ಹೊರಟ ಬೆದರಿಕೆಯ ಮಿಂಚಂಚೆ ನವಿ ಮುಂಬಯಿಯಲ್ಲಿಯ ಒಬ್ಬ ವಿದೇಶೀಯನ ಮನೆಯ ಕೀಲಿಯಿಲ್ಲದ ಜಾಲದಿಂದ ಹೋಗಿತ್ತು. ಪೋಲೀಸರು ಮೊದಲು ಬಂದದ್ದು ಅವನ ಬಾಗಿಲಿಗೆ. ಹಳೆಯ ಪುಸ್ತಕದ ಅಂಗಡಿಯಿಂದ ಇಪ್ಪತ್ತೈದು ವರ್ಷ ಹಿಂದಿನ ಗ್ರಂಥವನ್ನು ತಂದು ಓದಿದ ತರುಣನು ವೆಪ್ ಕೀಲಿಯೇ ಗಟ್ಟಿಯೆಂದು ಇಂದಿಗೂ ಹೇಳಿಯಾನು. ಆದುದರಿಂದ ಒಮ್ಮೆ ಅಚ್ಚು ಹಾಕಿ ಕೈತೊಳೆದುಕೊಳ್ಳುವ ಗ್ರಂಥದಿಂದ ಇಲ್ಲಿ ಪ್ರಯೋಜನವಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ತಿದ್ದಿ ಅಚ್ಚಿಸಬೇಕು.

ಇದೆಲ್ಲ ಯಾರು ಮಾಡಬೇಕೆಂದು ಕೇಳಿದರೆ ಸರಕಾರದ ಕಡೆಗೆ ಬೆರಳು ತೋರುವದು ಸುಶಿಕ್ಷಿತರ ರೂಢಿ. ಹುಕ್ಕೇರಿಯವರು ಹಾಗೆ ತೋರುತ್ತ ಕುಳಿತಿದ್ದರೆ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟುತ್ತಿರಲಿಲ್ಲ. ರಾಜ್ಯದ ಉಳಿದ ಭಾಗಗಳಲ್ಲಿ ಸರಕಾರದ ಕಂಪನಿಗಳು ಹಂಚುವ ವಿದ್ಯುತ್ತನ್ನು ಆ ತಾಲೂಕಿನಲ್ಲಿ ಜನರೇ ಕಟ್ಟಿಕೊಂಡ ಸಂಘ ಹಂಚುತ್ತ ಬಂದಿದೆ. ವಿದ್ಯುತ್ತಿನಂಥ ಭಾರದ ಕೆಲಸವನ್ನು ಹೊತ್ತವರಿಗೆ ಒಂದು ಪುಸ್ತಕ ಭಾರವಾದೀತೇ? ಕುಲಗೋಡದ ತಮ್ಮಣ್ಣನಿಗೆ ಯಾವ ಪರಿಷತ್ತು ಅನುದಾನ ಕೊಟ್ಟಿತ್ತು? ರುಕ್ಮಿಣಿ ಸತ್ಯಭಾಮೆಯರ ಪುರಾಣದ ಕತೆಯನ್ನು ಈ ಸೀಮೆಯ ಒಕ್ಕಲಿಗರ ಮಾತಿಗೆ ಇಳಿಸಿ ಅವನು ಶ್ರೀಕೃಷ್ಣ ಪಾರಿಜಾತವನ್ನು ಕಟ್ಟಿದನು; ಅಕ್ಷರ ಬಾರದವರೂ ಇರುಳೆಲ್ಲ ಕುಳಿತು ಅದನ್ನು ತಿಳಿದುಕೊಂಡರು. ಜಿಲ್ಲೆಯ ಸಾಹಿತ್ಯ ಸಂಘಗಳೂ ಅವುಗಳ ಮಾಸಪತ್ರಿಕೆಗಳೂ ಕವಿಗಳ ಜಯಂತಿಗೆ ಮೀಸಲಿಟ್ಟ ಹಣದಲ್ಲಿ ಒಂದು ವರ್ಷದ ಪಾಲನ್ನು ಈ ಕಡೆಗೆ ತಿರುಗಿಸಿದರೆ ಯಾವ ಕವಿಯ ಕೀರ್ತಿಗೂ ಕುಂದು ಬರಲಾರದು.

ಪುಸ್ತಕ ಇನ್ನೂರು ಪುಟಗಳನ್ನು ಮೀರಬೇಕಾಗಿಲ್ಲ. ಕಬ್ಬಿನ ಹೊಲದ ಕಂಬದಿಂದ ಮೊದಲ ಅಧ್ಯಾಯ ಸುರುವಾಗಲಿ. ಗೋಡೆ, ಮಾಳಿಗೆ, ಪತ್ರಾಸು ಎರಡನೆಯದರಲ್ಲಿ. ಅರ್ಧಚ್ಛೇದವೂ ಡೆಸಿಬೆಲ್ಲೂ ಮೂರನೆಯದರಲ್ಲಿ. ಹೂಂಗುಟ್ಟುವ ಯಂತ್ರಗಳು ಆ ಮೇಲೆ. ಕೀಲಿಗಳಿಗೂ ಈ ದೇಶದ ಕಾಯದೆಗೂ ಒಂದೊಂದು ಅಧ್ಯಾಯ. ಬರೆಯುವವರು ಇಬ್ಬರಿರಬೇಕು: ಜಾಲವನ್ನು ಕಟ್ಟಿ ಬಲ್ಲ ಇಂಜಿನಿಯರ ಒಬ್ಬನು, ಕನ್ನಡ ವಾಕ್ಯವನ್ನು ಕಟ್ಟಿ ಬಲ್ಲ ಮಾಸ್ತರನೊಬ್ಬನು. ಪ್ರತಿಯೊಂದು ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿಯೂ ಎರಡು ಪ್ರತಿ ಇರತಕ್ಕದ್ದು. ಕೈಬರಹವನ್ನು ಅಚ್ಚಿಗೆ ಕೊಡುವ ಮುನ್ನ ಮೂಡಲಗಿಯ ಯಾವದಾದರೊಂದು ಅಂಗಡಿಯ ಇಬ್ಬರು ತರುಣರನ್ನು ಕೂಡ್ರಿಸಿಕೊಂಡು ಅವರ ಮುಂದೆ ಓದಬೇಕು. ಅವರು ತಡೆದು ಕೇಳಿದ ಕಡೆಯಲ್ಲೆಲ್ಲ ವಾಕ್ಯವನ್ನು ತಿರುಗಿ ಬರೆಯಬೇಕು. ಕಂಬದ ಲೆಕ್ಕವನ್ನು ಅವರ ಕೈಯಿಂದಲೇ ಹಾಕಿಸಿ, ಕಬ್ಬು ನಿಂತಿರುವ ಕಾಲದಲ್ಲಿಯೇ ಹೊಲಕ್ಕೆ ಹೋಗಿ ಅದು ಸರಿಯೋ ತಪ್ಪೋ ನೋಡಬೇಕು.